ಹೋಗೋಕೆ ಒಂದೇ ಗೇರು

ಇಡೀ ಬೀದಿಗೇ ಅವನು ಅಳಿಯ. ಪಂಪ್ ರಿಪೇರಿಯವರ ಅಳಿಯ ಎನ್ನುವುದು ಉದ್ದವಾಯಿತೆಂದು ಬರೀ ಅಳಿಯ. ಮದುವೆಯ ಹೊಸದರಲ್ಲಿ ಹೆಂಡತಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗೋಣ ಎಂದು ಬಂದವನು. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಬಂದ ಮರುದಿನವೇ ಮಾವ, "ಸುಮ್ನೆ ಕೂತ್ರೆ ಬೇಜಾರಾಗಲ್ವಾ? ಅಂಗಡೀಲಿ ಒಂದು ಕೈ ಹಾಕು ಬಾ" ಎಂದಿದ್ದರು. ಹಾಕಿದ. ಹಾಕಿದ ಕೈ ಅಲ್ಲೇ ಸಿಕ್ಕಿಕೊಂಡಿತು. "ಇವನು ಕೆಲಸದವನಲ್ಲಪ್ಪ, ನಮ್ಮನೆಯವನು" ಎಂದು ಮಾವ ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಿದ್ದರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಬೆಳಿಗ್ಗೆ ಷಟರ್ ಎತ್ತುವವನೂ ಅವನೇ, ಸಂಜೆ ಎಳೆಯುವವನೂ ಅವನೇ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅದನ್ನು ಈ ಕಡೆಯಿಂದ ದಾಟಿದರೆ ಕೆಲಸ, ಆ ಕಡೆಯಿಂದ ದಾಟಿದರೆ ಊಟ. ಬೀದಿಯ ಬಿಸಿಲು ಮೈಗೆ ತಾಗದೆ ವಾರವೇ ಕಳೆದುಹೋಗುತ್ತಿತ್ತು. ಗಂಡಹೆಂಡಿರ ಕೋಣೆಗೂ ಅತ್ತೆಮಾವನ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಇವನು ಮಗ್ಗುಲು ಬದಲಿಸಿದರೆ ಸಾಕು, ಆಚೆಯಿಂದ ಅತ್ತೆ "ಸೊಳ್ಳೆ ಕಚ್ತಾ?" ಎಂದು ಕೇಳುವರು. ಪಾಪ, ಪ್ರೀತಿಯಿಂದಲೇ. ಆದರೆ ಆ ಪ್ರೀತಿಗೆ ಉತ್ತರ ಕೊಟ್ಟೂ ಕೊಟ್ಟೂ ಅವನಿಗೆ ಉಸಿರು ಕಟ್ಟಿ ಬರುತ್ತಿತ್ತು.

ಹೀಗಿರುವಾಗ ಹಲ್ಲಿನ ಡಾಕ್ಟರೊಬ್ಬರು ತಮ್ಮ ಹುಚ್ಚನ್ನು ತಂದು ಇವರ ಹಿತ್ತಲ ಶೆಡ್ಡಿಗೆ ಸುರಿದರು. ಮನೆಯಲ್ಲೇ ಜೋಡಿಸಿಕೊಳ್ಳುವ ಸ್ಪೋರ್ಟ್ಸ್ ಕಾರಿನ ಕಿಟ್. ಕೊಂಡವರು ಒಂದು ಬೋಲ್ಟನ್ನೂ ಬಿಗಿಸಿರಲಿಲ್ಲ. "ಹೆಂಡ್ತಿ ಒಂದೋ ನಾನು, ಒಂದೋ ಅದು ಅಂತಿದ್ದಾಳೆ. ನಿಮ್ಮ ಅಳಿಯ ಏನಾದ್ರೂ ಮಾಡ್ಕೊಳ್ಳಲಿ" ಎಂದು ಕೈಮುಗಿದು ಹೋದರು. ಇದ್ದದ್ದು ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೆ ಕೂರಿಸುವ ಫೈಬರ್ ಚಿಪ್ಪು, ಎರಡು ಸೀಟಿಗೆ ಜಾಗ. ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ಚಕ್ರವಿಲ್ಲ.

ಎಲ್ಲವನ್ನೂ ಅಳಿಯ ಒಂದೊಂದಾಗಿ ಹೊಂದಿಸಿದ. ಗುದ್ದಿಸಿಕೊಂಡ ಡೆಲಿವರಿ ವ್ಯಾನಿನ ಎಂಜಿನ್ನು, ಗೇರ್‌ಬಾಕ್ಸು. ಸರಕಿನ ಆಟೋದ ಸ್ಟೀರಿಂಗು. ಕ್ಷೌರದಂಗಡಿಯವನು ಎಸೆದ ಎರಡು ಕುರ್ಚಿಗಳ ಮೇಲ್ಭಾಗವೇ ಸೀಟು. ಎಣ್ಣೆಯ ಒತ್ತಡ ತೋರಿಸಲು ಬಾವಿಯ ಪಂಪಿನ ಮೀಟರು. ಎಡಗಡೆಯ ದೀಪ ಲಾರಿಯದು, ಬಲಗಡೆಯದು ಮೋಟಾರ್‌ಬೈಕಿನದು. ಮುಂದೆ ನಿಂತು ನೋಡಿದರೆ ಗಾಡಿ ಒಂದು ಕಣ್ಣು ಕಿರಿದು ಮಾಡಿ ಅನುಮಾನ ಪಡುತ್ತಿರುವಂತಿತ್ತು. ಒಂದರ ಬೋಲ್ಟಿಗೆ ಇನ್ನೊಂದರ ನಟ್ಟು ಹಿಡಿಯದು, ಎತ್ತು ಏರಿಗೆ, ಕೋಣ ನೀರಿಗೆ. ಇವನು ಅರದಿಂದ ಉಜ್ಜಿ, ಸಂದಿಗೆ ಬುಶ್ ಕಡೆದು ಕೂರಿಸಿ, ಒಲಿಸಿಕೊಳ್ಳುವನು. ಹೆಂಡತಿ ಫೈಬರ್ ಚಿಪ್ಪಿಗೆ ಮರಳು ಕಾಗದ ತಿಕ್ಕುವಳು. ಅತ್ತೆ ಬಟ್ಟೆ ಒಣಹಾಕಲು ಬಂದವರು, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಚಕ್ರ ಇಲ್ಲ, ಆಗಲೇ ಬಣ್ಣ!" ಎಂದು ನಗುವರು. ಆ ಶೆಡ್ಡಿನಲ್ಲಿ ಮಾತ್ರ ಅವನು ಶಿಳ್ಳೆ ಹಾಕುತ್ತಿದ್ದ.

ಒಂದು ದಿನ ಧೈರ್ಯ ಮಾಡಿ ಮಾವನ ಹತ್ತಿರ ಬಾಯಿಬಿಟ್ಟ. ಊರಿನ ಆಚೆ ತುದಿಯಲ್ಲಿ ಹಳೆಯ ಗೆಳೆಯನೊಬ್ಬನ ಲಾರಿ ಬಾಡಿ ಕಟ್ಟುವ ಶೆಡ್ಡಿತ್ತು. ಕೆಲಸ ಕೊಡುತ್ತೇನೆ, ಮೇಲೆ ಎರಡು ಕೋಣೆಯೂ ಇದೆ, ಬಾ ಎಂದಿದ್ದ. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಮಾವ ಜೋರಾಗಿ ನಕ್ಕುಬಿಟ್ಟರು.

"ಹೋಗಪ್ಪಾ, ಧಾರಾಳವಾಗಿ ಹೋಗು! ನಿನ್ನ ಆ ಡಬ್ಬಾ ಯಾರೂ ತಳ್ಳದೆ ನಮ್ಮ ಹಿತ್ತಲ ಗೇಟು ದಾಟಿದ ದಿನ ಅದರಲ್ಲೇ ಕೂತು ಹೋಗು. ನಾನು ಬೇಡ ಅಂದ್ರೆ ಕೇಳು!"

ಎಲ್ಲರೂ ನಕ್ಕರು. ಬಾಗಿಲ ಮರೆಯಲ್ಲಿದ್ದ ಹೆಂಡತಿ ನಗಲಿಲ್ಲ. ಊಟಕ್ಕೆ ಬಡಿಸುವಾಗ ಮೆಲ್ಲಗೆ, "ಅಪ್ಪನ ಮಾತು ಮುರಿದು ನಾನು ಬರಲ್ಲ ರೀ. ಆದರೆ ಮಾತು ಕೊಟ್ಟಿದ್ದೂ ಅಪ್ಪನೇ. ಮಾಡಿ ತೋರಿಸಿ, ನಾನು ಪೆಟ್ಟಿಗೆ ಕಟ್ತೀನಿ" ಎಂದಳು. ಅಂದಿನಿಂದ ಅದು ಬರೀ ಕಾರಾಗಿ ಉಳಿಯಲಿಲ್ಲ. ಇವರಿಬ್ಬರಿಗೂ ಆ ಮನೆಗಿದ್ದ ಒಂದೇ ಬಾಗಿಲಾಯಿತು.

ಇನ್ನೊಂದು ಸಂಗತಿ ಇತ್ತು, ಅದು ಅವನನ್ನೂ ಮಾವನನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಮಾವನ ಕೈ ನಡುಗಲು ಶುರುವಾಗಿತ್ತು. ಮೋಟಾರಿಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವ ಕೈ ಅದು. ಆ ಕೈಗೆಂದೇ ಜನ ದೂರದಿಂದ ಪಂಪ್ ಹೊತ್ತು ತರುತ್ತಿದ್ದರು. ಈಗ ಮಧ್ಯಾಹ್ನ ಷಟರ್ ಅರ್ಧ ಎಳೆದಾಗ ಅಳಿಯ ಸುತ್ತುತ್ತಿದ್ದ, ಸಂಜೆ ಮಾವ ಅದನ್ನು ಗಿರಾಕಿಗೆ ಕೊಡುತ್ತಿದ್ದರು. ಇಬ್ಬರೂ ಈ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ. ಜನರೆದುರು ಮಾವ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿ ಕೂರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಅಳಿಯನಿಗೆ ಸಂಕಟವಾಗುತ್ತಿತ್ತು. ಹೇಳುವಂತಿಲ್ಲ, ಬಿಟ್ಟು ಹೋಗುವಂತಿಲ್ಲ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕೊನೆಗೆ ಚಕ್ರಗಳೂ ಬಂದವು. ಗಾಡಿಯ ಹಿಂಭಾಗವನ್ನು ಜಾಕ್ ಮೇಲೆತ್ತಿ, ಎಂಜಿನ್ ಹಚ್ಚಿ, ಅಳಿಯ ಮೊದಲನೇ ಗೇರಿಗೆ ಹಾಕಿದ. ಸೀಟಿನಲ್ಲಿ ಕೂತವನಿಗೆ ಹಿಂದಿನ ಚಕ್ರ ಕಾಣುವುದಿಲ್ಲ, ಫೈಬರ್ ಚಿಪ್ಪು ಮುಚ್ಚಿಕೊಂಡಿರುತ್ತದೆ. ಮಾವ ಹಿಂದೆ ಬಗ್ಗಿ ನಿಂತಿದ್ದರು.

"ತಿರುಗ್ತಾ ಇದೆಯಾ ಮಾವ?"

"ತಿರುಗ್ತಾ ಇದೆ."

"ಸರಿಯಾಗಿ ನೋಡಿ."

"ತಿರುಗ್ತಾ ಇದೆ ಅಂದೆನಲ್ಲ!"

ಅಳಿಯನಿಗೆ ಆ ಸಂತೋಷದಲ್ಲಿ ಇಳಿದು ನೋಡಬೇಕೆಂದೂ ಹೊಳೆಯಲಿಲ್ಲ. ಎಂಜಿನ್ ಆರಿಸಿ ಹೆಂಡತಿಯನ್ನು ಕೂಗಿದ.

ಆ ಭಾನುವಾರ ಬೀದಿಗೆ ಬೀದಿಯೇ ಗೇಟಿನ ಮುಂದೆ ಸೇರಿತು. ಗೇಟಿನ ಒಂದು ಬಾಗಿಲು ತೆರೆದಿತ್ತು, ಕಾರಿಗೆ ಅಷ್ಟು ಸಾಕು. ಹೆಂಡತಿ ಪೆಟ್ಟಿಗೆ ಕಟ್ಟಿ ಜಗಲಿಯ ಮೇಲಿಟ್ಟಿದ್ದಳು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಊರಾಚೆಗೆ ತಾನೇ, ವಾರಕ್ಕೊಂದ್ಸಲ ಬಂದ್ಹೋಗಿ" ಎನ್ನುತ್ತಿದ್ದರು. ಕ್ಷೌರದಂಗಡಿಯವನು ತನ್ನ ಕುರ್ಚಿಯ ಮೇಲೆ ಅಳಿಯ ಕೂತಿದ್ದನ್ನು ನೋಡಿ, "ಶೇವಿಂಗಾ, ಕಟಿಂಗಾ?" ಎಂದ. ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಅಳಿಯ ಮೊದಲನೇ ಗೇರಿಗೆ ಹಾಕಿ, ಗೇಟಿನ ಮೇಲೆ ಕಣ್ಣಿಟ್ಟು, ಕ್ಲಚ್ ಬಿಟ್ಟ.

ಕಾರು ಹಿಂದಕ್ಕೆ ನುಗ್ಗಿತು! ನೀರಿನ ಡ್ರಮ್ಮನ್ನು ಉರುಳಿಸಿ, ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು, ಆರಿಹೋಯಿತು. ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಾಬರಿಯಲ್ಲಿ ಅಳಿಯ ಮತ್ತೆ ಹಚ್ಚಿ ಎರಡನೇ ಗೇರು ಹಾಕಿದ. ಬೆನ್ನು ಇನ್ನಷ್ಟು ಗಟ್ಟಿಯಾಗಿ ಗೋಡೆಗೆ ಒತ್ತಿತು.

ಆಗ ಅರ್ಥವಾಯಿತು. ವ್ಯಾನಿನಲ್ಲಿ ಎಂಜಿನ್ ಹಿಂದಿನ ಚಕ್ರಗಳ ಹಿಂದಿತ್ತು. ಈ ಕಾರಿನಲ್ಲಿ ಅದು ಚಕ್ರಗಳ ಮುಂದೆ, ಸೀಟಿನ ಬೆನ್ನಿಗೇ ಬರಬೇಕು. ಹಾಗಾಗಿ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಒಟ್ಟಿಗೆ ಹಿಂದುಮುಂದಾಗಿ ತಿರುಗಿಸಿ ಕೂರಿಸಿದ್ದ. ಹಾಗೆ ತಿರುಗಿಸಿದರೆ ಒಳಗಿನ ದೊಡ್ಡ ಹಲ್ಲುಚಕ್ರವನ್ನೂ ಮಗುಚಿ ಹಾಕಬೇಕು. ಹಾಕಿರಲಿಲ್ಲ. ಅಯ್ಯೋ, ಪಂಪಿನ ಕೆಲಸದವರು ಮಾಡಬಾರದ ತಪ್ಪು ಅಂತ ಒಂದಿದ್ದರೆ ಇದೇ! ಅಂಗಡಿಗೆ ಬಂದ ಮೊದಲ ದಿನ ಮಾವ ಕಲಿಸಿದ ಮೊದಲ ಪಾಠ, "ಮೋಟಾರ್ ಹಾಕಿದ ಕೂಡಲೇ ತಿರುಗೋ ದಿಕ್ಕು ನೋಡು. ವೈರ್ ಅದಲುಬದಲಾದ್ರೆ ಸದ್ದು ಅದೇ, ಬಿಸಿ ಅದೇ, ನೀರು ಮಾತ್ರ ಬರಲ್ಲ."

ಅಳಿಯ ತಲೆಯೆತ್ತಿದ. ಎಲ್ಲರೂ ನಗುತ್ತಿದ್ದರು. ಮಾವ ಒಬ್ಬರೇ ನಗದೆ ನೆಲ ನೋಡುತ್ತಿದ್ದರು.

ಅವನು ಇಳಿದು ಅವರ ಎದುರು ಹೋಗಿ ನಿಂತ. "ಅವತ್ತು ನೋಡಿದ್ರಿ."

"ನೋಡ್ದೆ."

"ದಿಕ್ಕು?"

"ನೀನು ಕೇಳಲಿಲ್ಲ."

"ಯಾಕೆ ಮಾವ? ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಸರಿ ಮಾಡ್ಬಿಡ್ತಿದ್ದೆ" ಎಂದರು ಮಾವ. ದನಿ ಅವನಿಗೆ ಮಾತ್ರ ಕೇಳುವಷ್ಟಿತ್ತು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಳಿಯ ಹೋಗಿ ಕಾರಿನಲ್ಲಿ ಕೂತ. ನಾಲ್ಕು ಗೇರೂ ಹಿಂದಕ್ಕೆ ಎಳೆಯುವುದಾದರೆ ಹಿಂದಕ್ಕೆ ಎಳೆಯುವ ಗೇರು ಎತ್ತ ಎಳೆಯಬೇಕು? ಅವನು ರಿವರ್ಸಿಗೆ ಹಾಕಿದ. ಕಾರು ಕೀರಲು ದನಿಯಲ್ಲಿ ಅರಚುತ್ತ, ನಿಧಾನವಾಗಿ, ಮುಂದಕ್ಕೆ ಹೊರಟಿತು.

ನಗು ಒಮ್ಮೆಲೇ ನಿಂತಿತು. ಕ್ಷೌರದಂಗಡಿಯವನು, "ಅಬ್ಬಬ್ಬಾ! ಮನೆಗೆ ಬರೋಕೆ ನಾಲ್ಕು ಗೇರು, ಹೋಗೋಕೆ ಒಂದೇ!" ಎಂದ. ಅದು ಅಳಿಯನ ಎದೆಗೆ ಚುಚ್ಚಿತು. ಕಾರು ಗೇಟು ದಾಟಿ ಬೀದಿಗೆ ಬಂತು. ಹೆಂಡತಿ ಅಪ್ಪನ ಕಡೆ ನೋಡಿದಳು. "ಮಾತು ಮಾತೇ. ಹತ್ತು" ಎಂದರು ಮಾವ. ಅವಳು ಅಮ್ಮನನ್ನು ತಬ್ಬಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿ ಕೂತಳು.

ಆದರೆ ಎಂಥ ಪಾಡು! ಆ ಗೇರಿನಲ್ಲಿ ಕಾರು ನಡೆಯುವ ಮನುಷ್ಯನಷ್ಟೇ ಜೋರು. ಮಾವ ಪಕ್ಕದಲ್ಲೇ ನಡೆದು ಬಂದರು. "ಎಣ್ಣೆ ನೋಡ್ಕೋ. ಬಿಸಿಯಾದ್ರೆ ನಿಲ್ಸು. ಅವಳಿಗೆ ಬೆಳಿಗ್ಗೆ ಬೇಗ ಹಸಿವಾಗುತ್ತೆ." ಅಳಿಯ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೂ ಅವರಿಂದ ಒಂದು ಗೇಣು ಮುಂದೆ ಹೋಗಲಾಗಲಿಲ್ಲ. ಬೀದಿ ಮುಗಿಯುವವರೆಗೂ ಹಾಗೇ ನಡೆಯಿತು. ತಿರುವಿನಲ್ಲಿ ರಸ್ತೆ ಏರುತ್ತಿತ್ತು. ಅಲ್ಲಿ ಮಾವ ಉಬ್ಬಸ ಬಂದು ಹಿಂದುಳಿದರು.

ಅಳಿಯ ತಿರುಗಿ ನೋಡಲಿಲ್ಲ. "ನಿಂತಿದ್ದಾರಾ?" ಎಂದು ಹೆಂಡತಿಯನ್ನು ಕೇಳಿದ.

"ನಿಂತಿದ್ದಾರೆ."

"ಯಾವ ಕಡೆ ನೋಡ್ತಿದ್ದಾರೆ?"

"ನಮ್ಮ ಕಡೇನೇ."

"ಕೈ?"

ಅದನ್ನು ಯಾಕೆ ಕೇಳುತ್ತಾನೆಂದು ಅವಳಿಗೆ ತಿಳಿಯಲಿಲ್ಲ. "ಕಂಕುಳಲ್ಲಿ ಇಟ್ಕೊಂಡಿದ್ದಾರೆ."

ನಾಳೆ ಮಧ್ಯಾಹ್ನ ಷಟರ್ ಅರ್ಧ ಎಳೆದ ಮೇಲೆ ಆ ತಂತಿ ಯಾರು ಸುತ್ತುತ್ತಾರೆ? ಅಳಿಯನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಾರು ಏರಿನಲ್ಲಿ ಮುಗ್ಗರಿಸಿತು, ಎಂಜಿನ್ ಆರುವಂತೆ ಕೆಮ್ಮಿತು.

ಹಿಂದಿನಿಂದ ಮಾವ ಕಿರುಚಿದರು. ಬೀದಿಯೆಲ್ಲ ಕೇಳುವಂತೆ, ಎರಡೂ ಕೈಗಳನ್ನು ಹೊರತೆಗೆದು ಗಾಳಿಯಲ್ಲಿ ಬೀಸುತ್ತ, ಆ ಕೈಗಳು ಗಡಗಡ ನಡುಗುವುದನ್ನು ಎಲ್ಲರೂ ನೋಡುತ್ತಿರುವಾಗಲೇ ಕಿರುಚಿದರು.

"ನಿಲ್ಲಿಸ್ಬೇಡ್ವೋ! ಆ ಗೇರಲ್ಲಿ ನಿಂತ್ರೆ ಏರು ಹತ್ತಲ್ಲ! ನಡಿಯೋ, ನಡಿ!"

ಅಳಿಯ ಬ್ರೇಕಿನಿಂದ ಕಾಲು ತೆಗೆದ.