ಬಾಗಿಲಿನ ನೀಲಿ

ನಮ್ಮ ಡ್ರಾಯಿಂಗ್ ಮಾಸ್ತರ ಎಡಗೈ ಹೆಬ್ಬೆರಳಿನ ಉಗುರಿಗೆ ದಿನಕ್ಕೊಂದು ಬಣ್ಣ. ಕಲಸಿದ ಬಣ್ಣವನ್ನು ಮೊದಲು ಅದಕ್ಕೆ ಹಚ್ಚಿಕೊಂಡು, ಬನಹಟ್ಟಿಯ ನನ್ನ ನೂಲಿನ ಅಂಗಡಿಗೆ ಬಂದು ಬಣ್ಣದ ನೂಲಿನ ಲಡಿಗಳ ಪಕ್ಕ ಹಿಡಿದು ನೋಡುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒರೆಸಿ ಮತ್ತೆ ಕಲಸಬೇಕು. "ಬಣ್ಣ ಸನಿಹ ಬಂದೈತಿ ಅಂದ್ರ ಬಂದಿಲ್ಲ ಅಂತ ಅರ್ಥ" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಎದುರಿನ ಕಟ್ಟೆಯ ಮೇಲೆ ಕೂತು ನನ್ನ ಅಂಗಡಿಯನ್ನೇ ಬಿಡಿಸತೊಡಗಿದರು. ಮೊದಲ ಚಿತ್ರದಲ್ಲಿ ಬೋರ್ಡು, ತಕ್ಕಡಿ, ನನ್ನ ಹೊಟ್ಟೆ ಎಲ್ಲ ಇದ್ದವು. ಮುಂದಿನದರಲ್ಲಿ ಬೋರ್ಡಿನ ಅಕ್ಷರಗಳು ಹೋಗಿ ಹಳದಿ ಪಟ್ಟಿ ಉಳಿಯಿತು. ಆಮೇಲೆ ಲಡಿಗಳು ಕೆಂಪು, ಹಸಿರು ಚೌಕಗಳಾದವು, ಚಾವಣಿಯ ತಗಡಿನ ನೆರಳು ಒಂದು ಓರೆ ಕಪ್ಪು.

"ಮಾಸ್ತರ, ನಾ ಎಲ್ಲಿ ಹೋದ್ನಿರಿ?"

"ಕಣ್ಣ ಅರ್ಧ ಮುಚ್ಚಿ ನೋಡಲೇ. ಆ ಕಂದು ಮುದ್ದಿ ಯಾರಂತಿ?"

ನೋಡಿದರೆ ಖರೆ, ಕೂತ ಭಂಗಿ ನನ್ನದೇ.

ಕಡೆಯ ಚಿತ್ರದಲ್ಲಿ ಎರಡು ಉದ್ದನೆಯ ಪಟ್ಟಿಗಳು ಖಾಲಿ ಇದ್ದಾಗಲೇ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ದವಾಖಾನೆಯಿಂದ ಮನೆಗೆ ತಂದ ಮೇಲೆ ಎಡಗೈಯಿಂದ ಆ ಖಾಲಿ ಪಟ್ಟಿ ತೋರಿಸುವರು, ನನ್ನನ್ನು ನೋಡುವರು. ಅಂಗಡಿಯ ಲಡಿಗಳನ್ನೆಲ್ಲ ಒಂದೊಂದಾಗಿ ಹಿಡಿದು ತೋರಿಸಿದೆ. ಎಲ್ಲಕ್ಕೂ ಅಲ್ಲ ಎಂದು ತಲೆಯಾಡಿಸಿದರು.

ಅವರ ಹೆಂಡತಿ ಮೆಲ್ಲಗೆ ಹೇಳಿದರು: "ನಿಮ್ಮ ಅಂಗಡಿ ಬಾಗಲದ್ದ ಬಣ್ಣ ಇರಬೇಕ ನೋಡ, ತಮ್ಮಾ."

ಹೌದು. ಎರಡೂ ಕದಗಳ ಮಾಸಿದ ನೀಲಿ. ಮಾಸ್ತರು ದವಾಖಾನೆಯಲ್ಲಿದ್ದಾಗ ದೀಪಾವಳಿ ಬಂದಿತ್ತು, ನಾನು ಕದ ಉಜ್ಜಿಸಿ ಹಸಿರು ಬಳಿಸಿದ್ದೆ.

ಓಡಿಹೋಗಿ ಬಾಗಿಲಿನ ಕೀಲು ಬಿಚ್ಚಿದೆ. ಅದರ ಅಡಿಯಲ್ಲಿ ಹಳೆಯ ಬಣ್ಣ ಸಿಕ್ಕಿತು. ಆದರೆ ಬಿಸಿಲನ್ನೇ ಕಾಣದ ಜಾಗ, ಅಪ್ಪ ಬಳಿಸಿದ ದಿನದಷ್ಟೇ ಗಾಢ ನೀಲಿ. ಬೇರೆ ದಾರಿಯಿಲ್ಲದೆ ಅದರದೇ ಒಂದು ಚಕ್ಕೆ ಕೆತ್ತಿ ಒಯ್ದು ಅವರ ಅಂಗೈಯಲ್ಲಿಟ್ಟೆ.

ಮಾಸ್ತರು ಚಕ್ಕೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅದು ಆ ಬಣ್ಣವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವರು ಹೂಂ ಎಂದು ತಲೆಯಾಡಿಸಿದರು. ಮೂರನೆಯ ದಿನ ತೀರಿಕೊಂಡರು. ಜೀವಮಾನದಲ್ಲಿ ಮಾಸ್ತರು ಒಪ್ಪಿಕೊಂಡ ತಪ್ಪು ಬಣ್ಣ ಅದೊಂದೇ, ಅದೂ ನನಗಾಗಿ.