ಪಾವು ಕುದುರೆಯ ಗಾಡಿ

ನನ್ನ ಮೊಪೆಡ್ಡಿಗೆ ಎಷ್ಟು ಅಶ್ವಶಕ್ತಿ ಇತ್ತೆಂದು ಈವರೆಗೆ ಯಾರೂ ನನ್ನನ್ನು ಕೇಳಿಲ್ಲ. ಕೇಳಿದರೆ ಎರಡು ದಶಾಂಶ ಸ್ಥಾನದವರೆಗೆ ಹೇಳಬಲ್ಲೆ. ಉತ್ತರವನ್ನು ಸಿದ್ಧವಿಟ್ಟುಕೊಂಡು ಪ್ರಶ್ನೆಗಾಗಿ ಕಾಯುವುದು ಭೌತಶಾಸ್ತ್ರ ಓದಿದವರ ಸಾಮಾನ್ಯ ಕಾಯಿಲೆ. ನನಗೆ ಇನ್ನೊಂದು ಕಾಯಿಲೆಯೂ ಇದೆ. ಯಾರಾದರೂ ನನ್ನನ್ನು ನೋಡುತ್ತಿದ್ದಾರೆ ಎನಿಸಿದರೆ ಕೈಕಾಲು ಬೇರೆ ಯಾರದೋ ಎಂಬಂತಾಗುತ್ತವೆ. ಈ ಎರಡು ಕಾಯಿಲೆಗಳು ಅಫಜಲಪುರದ ಒಂದು ದಿನ್ನೆಯ ಮೇಲೆ ಭೇಟಿಯಾದವು.

ಗುಲ್ಬರ್ಗಾದಲ್ಲಿ ಎಂ.ಎಸ್ಸಿ. ಮುಗಿಸಿ ಅಫಜಲಪುರದ ಕಾಲೇಜಿಗೆ ಸೇರಿದ ಮೊದಲ ವರ್ಷ ನಾನು ನಮ್ಮೂರು ಗೊಬ್ಬೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಒಬ್ಬಳೇ ಅಲ್ಲ, ಸೋದರಮಾವ ಸಿದ್ರಾಮಪ್ಪ ಕಾವಲಿಗೆ ಬರುತ್ತಿದ್ದರು. ನಾನು ಒಳಗೆ ಜಡತ್ವದ ನಿಯಮ ಹೇಳುವಾಗ ಅವರು ಗೇಟಿನ ಬಳಿಯ ಬೇವಿನ ಕಟ್ಟೆಯ ಮೇಲೆ ಅದರ ಪ್ರಾತ್ಯಕ್ಷಿಕೆ ಕೊಡುತ್ತಿದ್ದರು. ಮಾವ ಒಳ್ಳೆಯವರು. ಆದರೆ ಇಪ್ಪತ್ತೈದು ವರ್ಷದ ಉಪನ್ಯಾಸಕಿಯನ್ನು ಸಂಜೆ ಗೇಟಿನಲ್ಲಿ ನಿಂತು "ಬುತ್ತಿ ಖಾಲಿ ಮಾಡೀಯಿಲ್ಲೋ?" ಎಂದು ಕೇಳುವವರು ಎಷ್ಟು ಒಳ್ಳೆಯವರಾದರೂ ಕಷ್ಟವೇ.

ವರ್ಷವಿಡೀ ಬೇಡಿದ ಮೇಲೆ ಅಪ್ಪ ಮೊಪೆಡ್ಡಿಗೆ ಒಪ್ಪಿದರು. ಒಪ್ಪಿದ್ದೂ ಕರಾರಿನ ಮೇಲೆ.

"ನೋಡವ್ವಾ, ಗಾಡಿ ಕೊಡಸ್ತೇನಿ. ದೀಪಾವಳಿ ತನಕಾ ನೋಡೂಣು. ತ್ರಾಸ ಕೊಡ್ತು ಅಂದ್ರ ಮಾರಿಬಿಡೂದು. ಮತ್ತ ಬಸ್ಸು, ಮತ್ತ ನಿಮ್ಮಾವ."

ಮಾವ ಅಂಗೈಯಲ್ಲಿ ತಂಬಾಕು ತಿಕ್ಕುತ್ತ, ತಲೆಯೆತ್ತದೆ ಹೇಳಿದರು: "ನಾ ಏನ್ ಎಲ್ಲಿಗೂ ಹೋಗೂದಿಲ್ಲ ಬೇ. ಇಲ್ಲೇ ಇರ್ತೇನಿ."

ಗಾಡಿ ಬಂದ ಎರಡನೆಯ ದಿನ ಅಪ್ಪ ಅದನ್ನು "ಸೆಟ್ಟಿಂಗ್ ಮಾಡಸ್ಕೊಂಡು ಬರ್ತೇನಿ" ಎಂದು ಅಫಜಲಪುರದ ಮೈಬೂಬಸಾಬರ ಗ್ಯಾರೇಜಿಗೆ ಒಯ್ದರು. ಹೊಸ ಗಾಡಿಗೆ ಎಂಥ ಸೆಟ್ಟಿಂಗ್ ಎಂದು ನಾನು ಕೇಳಲಿಲ್ಲ. ಅಂದಿನಿಂದ ಅಪ್ಪ ಸಹಿ ಮಾಡಲು ನನ್ನ ಪೆನ್ನು ಕೇಳತೊಡಗಿದ್ದನ್ನು ಮಾತ್ರ ಗಮನಿಸಿದ್ದೆ. ಅವರ ಕಿಸೆಯಲ್ಲಿ ಸದಾ ಇರುತ್ತಿದ್ದ ಹಸಿರು ಪೆನ್ನಿನ ಟೊಪ್ಪಿಗೆ ಆಗಲೂ ಹೊರಗೆ ಕಾಣುತ್ತಿತ್ತು.

ಗೊಬ್ಬೂರಿನಿಂದ ಅಫಜಲಪುರದವರೆಗೆ ಗಾಡಿ ಸಭ್ಯವಾಗಿ ಬರುತ್ತಿತ್ತು. ಕಾಲೇಜು ಮಾತ್ರ ಊರ ಹೊರಗಿನ ದಿನ್ನೆಯ ಮೇಲಿತ್ತು. ದಿನ್ನೆಯ ಅರ್ಧಕ್ಕೆ ಬಂದೊಡನೆ ಇಂಜಿನ್ನು ದನಿ ತಗ್ಗಿಸಿ, ಸಾಲ ಕೇಳಲು ಬಂದ ಬೀಗರಂತೆ ಮೆಲ್ಲಗೆ ಗೊಣಗಿ, ನಿಲ್ಲುವ ಹಂತಕ್ಕೆ ಬರುತ್ತಿತ್ತು. ಆಗ ನಾನು ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು ಪೆಡಲು ತುಳಿಯಬೇಕು. ಪಕ್ಕದಲ್ಲೇ ಕಾಲೇಜಿನ ಮೆಟ್ಟಿಲ ಸಾಲು. ಮೆಟ್ಟಿಲ ಮೇಲೆ ಪಿ.ಯು.ಸಿ. ಹುಡುಗರ ಸಾಲು.

"ಅಕ್ಕೋರು ಬುಡಕ್ಕ ಬಂದ್ರಲೇ."

"ಕೂಡ್ರಲೇ, ಇನ್ನಾ ಟೈಮ್ ಅದ. ಚಾ ಕುಡದು ಬರೂಣು."

ಇದನ್ನು ಕೇಳಿಸಿಕೊಳ್ಳದವಳಂತೆ ತುಳಿಯುವುದಕ್ಕೆ ಬೇಕಾದ ಶಕ್ತಿಯನ್ನು ಯಾವ ಮಾನದಲ್ಲಿ ಅಳೆಯಬೇಕೋ ನನಗೆ ತಿಳಿಯದು. ಕಾಲೇಜಿನ ಜವಾನ ಶರಣಪ್ಪನ ಬಳಿಯೂ ಅದೇ ಕಂಪನಿಯ ಅದೇ ಮೊಪೆಡ್ಡಿತ್ತು. ಅವನು ಹಿಂದೆ ಹೆಂಡತಿಯನ್ನು, ಮುಂದೆ ಜೋಳದ ಚೀಲವನ್ನು ಇಟ್ಟುಕೊಂಡು "ನಮಸ್ಕಾರ್ರಿ" ಎನ್ನುತ್ತ ನನ್ನನ್ನು ದಾಟಿ ಹೋಗುತ್ತಿದ್ದ. ಹಿಂದಿನ ಸೀಟಿನಿಂದ ಅವನ ಹೆಂಡತಿ ಕತ್ತು ತಿರುಗಿಸಿ ನನ್ನನ್ನು ಕನಿಕರದಿಂದ ನೋಡುತ್ತಿದ್ದಳು.

ಮೈಬೂಬಸಾಬರನ್ನು ಊರೆಲ್ಲ ಉಸ್ತಾದ ಎನ್ನುತ್ತಿತ್ತು. ಜೇವರ್ಗಿಯ ಲಾರಿ ಗ್ಯಾರೇಜಿನಲ್ಲಿ ಪಳಗಿದವರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆಂದರೆ ಆಳಂದದಿಂದ ಬಂದ ಟ್ರ್ಯಾಕ್ಟರುಗಳೂ ಸುಳ್ಳು ಹೇಳುವುದಿಲ್ಲವೆಂದು ಪ್ರತೀತಿ. ನನ್ನ ಗಾಡಿಯನ್ನು ಮಾತ್ರ ಅವರು ಕಿವಿಗೊಟ್ಟು ಕೇಳಲೇ ಇಲ್ಲ. ದಿನ್ನೆ ಹತ್ತುವುದಿಲ್ಲ ಎಂದಾಗ ನನ್ನ ಮುಖ ಬಿಟ್ಟು ಉಳಿದೆಲ್ಲ ಕಡೆ ನೋಡಿದರು.

"ಕಂಪನೀ ಗಾಡಿ ಹಂಗ ಇರ್ತಾವ್ರಿ ಅಕ್ಕೋರ. ಅದರ ದಮ್ಮು ನಾವು ಹೊರಗ ತಗೀಬೇಕು. ಮಾಡ್ತೇನಿ, ಬಿಟ್ಟು ಹೋಗ್ರಿ."

ಅವರ ಮಾತು ನನಗೆ ಹಿಡಿಸಿತು. ಕಂಪನಿಯವರು ಎಲ್ಲೋ ಕುಳಿತು ಎಲ್ಲರಿಗೂ ಒಂದೇ ಅಳತೆ ಹೊಂದಿಸಿ ಕಳಿಸುತ್ತಾರೆ. ಅವರಿಗೆ ನನ್ನ ದಿನ್ನೆ ಗೊತ್ತಿಲ್ಲ. ಆದರೆ ದಮ್ಮು ಎಷ್ಟು ಬಂತೆಂದು ತಿಳಿಯುವುದು ಹೇಗೆ? ಹಿಂದೆ ಹಬೆಯ ಯಂತ್ರ ಮಾರುವವನೊಬ್ಬ, ಗಿರಾಕಿಗಳಿಗೆ ಅರ್ಥವಾಗಲೆಂದು ತನ್ನ ಯಂತ್ರವನ್ನು ಕುದುರೆಗೆ ಹೋಲಿಸಿದ್ದರಿಂದ ನಾವಿಂದಿಗೂ ಕುದುರೆಗಳನ್ನು ಎಣಿಸುತ್ತಿದ್ದೇವೆ. ಅವನು ಜೇವರ್ಗಿಯಲ್ಲಿ ಅಂಗಡಿ ಇಟ್ಟಿದ್ದರೆ ಎತ್ತುಗಳನ್ನು ಎಣಿಸುತ್ತಿದ್ದೆವು. ಅದಿರಲಿ, ನನಗೆ ಬೇಕಾದದ್ದೆಲ್ಲ ದಿನ್ನೆಯಲ್ಲೇ ಇತ್ತು. ಮೆಟ್ಟಿಲು ಅರವತ್ತು, ಒಂದೊಂದೂ ಹದಿನೈದು ಸೆಂಟಿಮೀಟರು. ಎತ್ತರ ಒಂಬತ್ತು ಮೀಟರು. ಗಾಡಿ, ನಾನು, ಪುಸ್ತಕದ ಚೀಲ, ಬುತ್ತಿ ಸೇರಿ ನೂರಾ ಹತ್ತು ಕಿಲೋ. ಪ್ರಯೋಗಾಲಯದ ಸ್ಟಾಪ್‌ವಾಚನ್ನು ಸೆರಗಿನ ಮರೆಯಲ್ಲಿ ಹಿಡಿದು ನೋಡಿದೆ: ನಲವತ್ತೆಂಟು ಸೆಕೆಂಡು. ಲೆಕ್ಕ ಹಾಕಿದರೆ 0.27 ಅಶ್ವಶಕ್ತಿ. ಪಾವು ಕುದುರೆಗಿಂತ ಒಂದು ಬಾಲದಷ್ಟು ಹೆಚ್ಚು. ಅದರಲ್ಲೂ ನನ್ನ ಪೆಡಲಿನ ಪಾಲಿತ್ತು.

ಮೊದಲ ವಾರ ಉಸ್ತಾದರು ಸೈಲೆನ್ಸರಿನ ಮಸಿ ಸುಟ್ಟು ತೆಗೆದರು. ನಲವತ್ತೇಳು ಸೆಕೆಂಡು. ಎರಡನೆಯ ವಾರ ಕಾರ್ಬುರೇಟರಿನಲ್ಲಿ ಪೆಟ್ರೋಲು ಬರುವ ತೂತನ್ನು ತುಸು ದೊಡ್ಡದು ಮಾಡಿದರು. ನಲವತ್ತೇಳು ಸೆಕೆಂಡು, ಹಿಂದೆ ಸೊಳ್ಳೆಗೆ ಹೊಗೆ ಹಾಕಿದಂಥ ಮೋಡ. ಮೂರನೆಯ ವಾರ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಅಳತೆಗೋಲು ಮಾಡಿಕೊಂಡು ಕಿಡಿಯ ಹೊತ್ತನ್ನು ಹಿಂದೆಮುಂದೆ ಮಾಡಿದರು, ಸೈಲೆನ್ಸರಿನೊಳಗಿನ ತಗಡನ್ನೂ ಕಿತ್ತರು. ಮತ್ತೆ ನಲವತ್ತೇಳು. ಈಗ ನಾನು ಬರುವುದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಕ್ಲಾಸಿನಲ್ಲಿ ಮಲಗಿದವರು ಏಳುತ್ತಿದ್ದರು. ಯಾರಿಗೂ ಕಾಣದಂತೆ ಕಾಲೇಜು ಸೇರಬೇಕೆಂದು ಹೊರಟವಳು ಹೊಗೆ, ಸದ್ದು, ಪೆಡಲು ಮೂರನ್ನೂ ಹೊತ್ತು ಮೆರವಣಿಗೆಯಾಗಿದ್ದೆ. ದೀಪಾವಳಿಗೆ ಹನ್ನೊಂದು ದಿನ ಉಳಿದಿತ್ತು. ಮನೆಯಲ್ಲಿ ಮಾವ ತಮ್ಮ ಛತ್ರಿಯನ್ನು ರಿಪೇರಿ ಮಾಡಿಸಿ ತಂದಿದ್ದರು.

ಎಷ್ಟು ಬದಲಿಸಿದರೂ ಉತ್ತರ ಒಂದೇ ಬಂದರೆ, ಬದಲಿಸದೆ ಬಿಟ್ಟದ್ದು ಇನ್ನೇನೋ ಇದೆ ಎಂದು ನಾನು ಹುಡುಗರಿಗೆ ಹೇಳುವುದುಂಟು. ನನಗೆ ನಾನೇ ಅದನ್ನು ಹೇಳಿಕೊಳ್ಳಲು ಮೂರು ವಾರ ಬೇಕಾಯಿತು. ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೋನಮಾಪಕ ಹಿಡಿದು ಗಾಡಿಗಳ ಬಳಿ ಹೋದೆ. ಶರಣಪ್ಪನ ಗಾಡಿಯ ಎಕ್ಸಿಲೇಟರ್ ಎಂಬತ್ತು ಡಿಗ್ರಿ ತಿರುಗುತ್ತಿತ್ತು. ನನ್ನದು ನಲವತ್ತಕ್ಕೆ ನಿಂತಿತು. ಮತ್ತೆ ಅಳೆದೆ. ನಲವತ್ತು.

ಸಂಜೆ ಗ್ಯಾರೇಜಿನಲ್ಲಿ ನಾನು ಆ ಎರಡು ಸಂಖ್ಯೆಗಳನ್ನಷ್ಟೇ ಹೇಳಿದೆ. ಉಸ್ತಾದರು ಕೈ ಒರೆಸುವ ಬಟ್ಟೆಯಿಂದ ಮುಖವನ್ನೇ ಒರೆಸಿಕೊಂಡರು.

"ಅಳತಿ ಮಾಡೀರೇನ್ರಿ?"

"ಎರಡು ಸಲ."

"ಆ ಅಡ್ಡಿ ನಾನಾ ಹಾಕೇನ್ರಿ ಅಕ್ಕೋರ. ನಿಮ್ಮಪ್ಪ ಗೌಡ್ರು ಹೇಳಿದ್ರು, ಮಗಳು ಜೋರ್ ಹೋಗಬಾರ್ದು, ಹಾದ್ಯಾಗ ನಾಕ್ ಮಂದಿ ತಿರಗಿ ನೋಡಬಾರ್ದು ಅಂತ. ಆಣಿ ಮಾಡಸ್ಕೊಂಡಾರ್ರಿ, ನಿಮಗ ಹೇಳಬಾರ್ದು ಅಂತ."

"ಹಾಗಾದರೆ ಈ ಮೂರು ವಾರ?"

"ಗೌಡ್ರ ಮಾತೂ ಉಳೀಬೇಕು, ನಿಮ್ಮ ಗಾಡೀನೂ ಏರಬೇಕು. ಬ್ಯಾರೆ ಎಲ್ಲೆರ ದಮ್ಮು ಸಿಕ್ತದೇನಂತ ಹುಡಕಾಕತ್ತಿದ್ನಿರಿ."

ನನಗೆ ಸಿಟ್ಟು ಬರಬೇಕಿತ್ತು. ಆದರೆ ಕೊಟ್ಟ ಮಾತನ್ನು ಮುರಿಯದೆ ಒಂದು ಇಂಜಿನ್ನಿನ ಮೂಲೆಮೂಲೆಯಲ್ಲಿ ಶಕ್ತಿಗಾಗಿ ತಡಕಾಡಿದ ಮನುಷ್ಯನ ಮೇಲೆ ಸಿಟ್ಟಾಗುವುದು ಕಷ್ಟ. ನಾಲ್ಕು ಮಂದಿ ನೋಡಬಾರದೆಂದು ಅಪ್ಪ ಮಾಡಿದ ಏರ್ಪಾಡಿನಿಂದ ನಾಲ್ಕು ನೂರು ಮಂದಿ ದಿನಾ ನೋಡುತ್ತಿದ್ದಾರೆ ಎಂದೆ. ಉಸ್ತಾದರು ಗಾಡಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಾ ಹೇಳಿಲ್ರಿ. ನೀವಾ ಹುಡಕೀರಿ. ಹಂಗಾದ್ರ ಆಣಿ ಮುರದಂಗ ಆಗೂದಿಲ್ಲ," ಎಂದು ಸ್ಪ್ಯಾನರು ಎತ್ತಿಕೊಂಡರು.

ಕಾರ್ಬುರೇಟರಿನ ಮುಚ್ಚಳ ಬಿಚ್ಚಿದಾಗ, ಎಕ್ಸಿಲೇಟರಿನ ತಂತಿ ಹೆಚ್ಚು ಮೇಲೇಳದಂತೆ ಅದರ ಸುತ್ತ ತೊಡಿಸಿದ್ದ ಬೆರಳ ಗೆಣ್ಣಿನುದ್ದದ ಕೊಳವೆ ಹೊರಬಂತು. ಹಸಿರು ಬಾಲ್‌ಪೆನ್ನಿನ ತುಂಡು. ಅಂದು ಕೊಳವೆ ಬೇಕೆಂದಾಗ ಅಪ್ಪ ಕಿಸೆಯಿಂದ ತೆಗೆದುಕೊಟ್ಟಿದ್ದರಂತೆ. ಉಸ್ತಾದರು ತೂತು ದೊಡ್ಡದಾದ ಬಿಡಿಭಾಗದ ಬದಲು ಹೊಸದು ಹಾಕಿ, ತಗಡನ್ನು, ಕಿಡಿಯನ್ನು ಮತ್ತೆ ಕಂಪನಿಯವರು ಇಟ್ಟಂತೆಯೇ ಇಟ್ಟರು. ಮರುದಿನ ದಿನ್ನೆಯನ್ನು ಹತ್ತೊಂಬತ್ತು ಸೆಕೆಂಡಿನಲ್ಲಿ ಹತ್ತಿದೆ. 0.69. ಮೆಟ್ಟಿಲ ಮೇಲಿನ ಹುಡುಗರು ಚಹಾಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಹಾಜರಿ ಮುಗಿದಿತ್ತು.

ಮನೆಯಲ್ಲಿ ನಾನು ಜಗಳವಾಡಲಿಲ್ಲ. ತುಂಡನ್ನು ಪೆಟ್ರೋಲಿನಲ್ಲಿ ತೊಳೆದು, ಅಪ್ಪ ಸ್ನಾನಕ್ಕೆ ಹೋದಾಗ ಗೂಟದಲ್ಲಿದ್ದ ಅಂಗಿಯ ಕಿಸೆಯಲ್ಲಿದ್ದ ಪೆನ್ನಿನ ಟೊಪ್ಪಿಗೆಯೊಳಗೆ ಸಿಕ್ಕಿಸಿದೆ. ಅಪ್ಪ ವಿಭೂತಿ ಹಚ್ಚಿಕೊಂಡು ಅಂಗಿ ತೊಟ್ಟರು, ಕಿಸೆ ಮುಟ್ಟಿ ನೋಡಿಕೊಂಡರು, ಕುಳಿತು ರೊಟ್ಟಿ ತಿಂದರು. ಎರಡನೆಯ ರೊಟ್ಟಿಗೆ ಕೇಳಿದರು:

"ದಿನ್ನಿ ಹತ್ತತದೇನು ಗಾಡಿ?"

"ಹತ್ತತದ."

"ಮತ್ತ ಪೆಡ್ಲು?" ಅವರಿಗೆ ಯಾರೋ ಹೇಳಿದ್ದರು.

"ಈಗ ಇಲ್ಲ."

ಮಾವ ಎದ್ದು ಛತ್ರಿಯನ್ನು ಮೂಲೆಗಿಟ್ಟರು.

ದೀಪಾವಳಿಯ ಮರುದಿನ ಅಪ್ಪ, ಗಾಣಗಾಪುರದಲ್ಲಿ ಕೆಲಸವಿದೆ, ಗಾಡಿಯ ಮೇಲೆ ಬಿಟ್ಟು ಬಾ ಎಂದರು. ಅಲ್ಲಿ ಅವರಿಗೆ ಕೆಲಸವಿರಲಿಲ್ಲವೆಂದು ನನಗೂ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಧೋತರ ಬಿಗಿಹಿಡಿದು ಕುಳಿತು, ಎಮ್ಮೆ ಕಂಡರೆ, ತಗ್ಗು ಕಂಡರೆ, ಏನೂ ಕಾಣದಿದ್ದರೂ "ಸಾವಕಾಶ ಬೇ, ಸಾವಕಾಶ" ಎನ್ನುತ್ತಿದ್ದರು. ಈಗ ಎಕ್ಸಿಲೇಟರ್ ಎಂಬತ್ತು ಡಿಗ್ರಿಯವರೆಗೂ ತಿರುಗುತ್ತಿತ್ತು, ತಡೆಯಲು ಒಳಗೆ ಏನೂ ಇರಲಿಲ್ಲ. ಕೋನಮಾಪಕ ತಂದಿರಲಿಲ್ಲ. ಆದರೂ ನನಗೆ ಗೊತ್ತು, ಗಾಣಗಾಪುರದವರೆಗೆ ನಾನು ಅದನ್ನು ತಿರುಗಿಸಿದ್ದು ಸರಿಯಾಗಿ ನಲವತ್ತು.