ಮಾನೊರೈಲಿನ ಉಳಿದರ್ಧ ಸುತ್ತು

ರೈಲೆಂದರೆ ಎರಡು ಹಳಿ ಇರಲೇಬೇಕೆಂಬ ನಂಬಿಕೆಯಲ್ಲಿ ನಿವೃತ್ತಿಯವರೆಗೂ ನಿಶ್ಚಿಂತನಾಗಿದ್ದ ನನಗೆ, ಬಾದಾಮಿ ರಸ್ತೆಯ ಮನರಂಜನಾ ಪಾರ್ಕಿನಲ್ಲಿ ಕಾಂಕ್ರೀಟಿನ ಒಂದೇ ತೊಲೆಯನ್ನು ಕುದುರೆ ಸವಾರನಂತೆ ಏರಿ ಕುಳಿತ ಮಾನೊರೈಲನ್ನು ಕಂಡಾಗ, ಗಣಿತ ಕಲಿಸಿದ ತಲೆಗೂ ಲೆಕ್ಕ ಹತ್ತಲಿಲ್ಲ.

ಟಿಕೆಟ್ ಹರಿಯುವ ಈರಣ್ಣ ಅದರ ಪೂರ್ವಾಪರವನ್ನೆಲ್ಲ ಬಿಚ್ಚಿಟ್ಟ. ಮೊದಲು ಕುಳಿತವರೇ ಪೆಡಲು ತುಳಿಯುವ ಬಂಡಿಯಾಗಿತ್ತಂತೆ; ದಣಿದವರು ನಡುದಾರಿಯಲ್ಲೇ ನಿಂತುಬಿಡುತ್ತಿದ್ದರಿಂದ ಮೋಟಾರು ಕೂಡಿಸಿದರಂತೆ; ಮೇಲಿನ ರಬ್ಬರ್ ಗಾಲಿಗಳು ಭಾರ ಹೊತ್ತರೆ, ಮಗ್ಗುಲ ಗಾಲಿಗಳು ತೊಲೆಯನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತವಂತೆ.

"ಬೀಳಬೇಕಂದ್ರೂ ಬೀಳೂದಿಲ್ರಿ ಸರ," ಎಂದ.

ಮಾಳಿಗೆ ಹತ್ತಿದರೂ ತಲೆ ತಿರುಗುವ ನಾನು ಆ ಒಂಟಿ ಹಳಿಯನ್ನು ಒಳಗೊಳಗೇ ಹಳಿಯುತ್ತ ಹತ್ತಿದ್ದು ಹೆಂಡತಿ ಶಾಂತಾಳಿಗಾಗಿ. ಮೊಣಕಾಲು ನೋವಿನ ಅವಳು ಬಾದಾಮಿಯ ಗುಹೆಗಳಿಗೆ ಹೋದಾಗಲೆಲ್ಲ ಕೆಳಗಿನ ಮೆಟ್ಟಿಲಲ್ಲೇ ಕುಳಿತು, ನಾವು ಮೇಲೆ ಕಂಡದ್ದನ್ನು ಬಾಯಿಮಾತಿನಲ್ಲೇ ನೋಡಿದವಳು. ಇಲ್ಲಿ ನಿಲ್ದಾಣದವರೆಗೂ ಇಳಿಜಾರಿನ ದಾರಿಯಿತ್ತು.

ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಜನರೇಟರೂ ಮುನಿಸಿಕೊಂಡಿತು. ಕೆಳಗಿನಿಂದ ಏಣಿ ಹಚ್ಚಿದರು. ಉಳಿದ ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದರು. ಶಾಂತಾ ಏಣಿಯ ಮೇಲೆ ಕಾಲಿಡಲು ನೋಡಿದಳು, ಆಗಲಿಲ್ಲ. ಸೀಟಿಗೆ ಮರಳಿ ಕಣ್ಣೊರೆಸಿಕೊಂಡಳು. ನಾನೂ ಉಳಿದೆ. ಅದನ್ನು ಪತ್ನೀಪ್ರೇಮವೆಂದು ಕೆಳಗಿದ್ದವರು ಮೆಚ್ಚಿರಬೇಕು; ಏಣಿ ಇಳಿಯುವ ಧೈರ್ಯ ನನಗೂ ಇರಲಿಲ್ಲವೆಂಬುದು ನಿಮಗಷ್ಟೇ ಗೊತ್ತಿರಲಿ.

ಎದುರು ಸೀಟಿನಲ್ಲಿದ್ದ ಇಳಕಲ್ಲಿನ ಹಾಜರಾಬಿ, ನಮಗಿಂತ ಹಿರಿಯರು, ಮನೆಯವರು ಕೆಳಗಿನಿಂದ ಕರೆದರೂ ಏಳಲಿಲ್ಲ. ಅಲ್ಲಿಯವರೆಗೆ ನಮಗೂ ಅವರಿಗೂ ಮಾತೇ ಆಗಿರಲಿಲ್ಲ.

"ನೀವು ಇಳೀರಿ ಅಕ್ಕಾರ. ನನ್ನ ಸಲುವಾಗಿ ಎಲ್ಲಾರಿಗೂ ತ್ರಾಸು," ಎಂದಳು ಶಾಂತಾ.

"ಯಾರಿಗ್ರಿ ತ್ರಾಸು? ಇಷ್ಟ ಛಲೋ ಗಾಳಿ ಮನ್ಯಾಗ ಎಲ್ಲಿ ಸಿಗತೈತಿ?" ಎನ್ನುತ್ತ ಅವರು ಈಚೆ ಸೀಟಿಗೆ ಬಂದು, ಶಾಂತಾಳ ಕಾಲನ್ನು ತಮ್ಮ ತೊಡೆಯ ಮೇಲೆತ್ತಿಕೊಂಡು ಒತ್ತತೊಡಗಿದರು. ಆಮೇಲೆ ಬುತ್ತಿಗಂಟು ಬಿಚ್ಚಿ ಜೋಳದ ರೊಟ್ಟಿ, ನಮ್ಮ ಕಡೆ ಹಿಂಡಿಯೆನ್ನುವ ಶೇಂಗಾ ಚಟ್ನಿಪುಡಿ ಕೈಗಿಟ್ಟರು. "ಅಳಕೋಂತ ತಿಂದ್ರ ರುಚಿ ಹತ್ತೂದಿಲ್ರಿ, ಆ ಕಡೆ ನೋಡ್ಕೋಂತ ತಿನ್ರಿ."

ಶಾಂತಾ ತಲೆಯೆತ್ತಿದಳು. ಕೆಂಪು ಗುಡ್ಡಗಳ ಸಾಲು ದೂರದವರೆಗೂ ಚಾಚಿತ್ತು. "ಅಯ್ಯ, ಮ್ಯಾಲಿಂದ ಹಿಂಗ ಕಾಣತೈತೇನು!" ಎಂದು ನಕ್ಕುಬಿಟ್ಟಳು. ಅಷ್ಟು ಎತ್ತರದಲ್ಲಿ ಅವಳ ನಗುವನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಟುಹೋಗಿರಬಹುದೆಂದು ನಾನೆಣಿಸಿದ್ದ ಸಹಪ್ರಯಾಣಿಕರು ಅಷ್ಟರಲ್ಲಿ ಈರಣ್ಣನ ಜೊತೆ ತೊಲೆಯ ಇನ್ನೊಂದು ಮಗ್ಗುಲಲ್ಲಿ, ಬೋಗಿಗೆ ಬಾಗಿಲಿಲ್ಲದ ಕಡೆ, ದುರಸ್ತಿಯವರು ಓಡಾಡುವ ಕಿರುದಾರಿಯಲ್ಲಿ ಬಂದರು. ಹೋ ಎಂದು ಕೂಗುತ್ತ ಬೋಗಿಯನ್ನು ಹಿಂದಕ್ಕೆ ನೂಕಿಕೊಂಡು ಹೋಗಿ ನಿಲ್ದಾಣ ಮುಟ್ಟಿಸಿದರು. ಹೆಸರು ಕೇಳಿ ವಂದಿಸಬೇಕೆನ್ನುವಷ್ಟರಲ್ಲಿ ಅವರೆಲ್ಲ ಬೆವರೊರೆಸಿಕೊಳ್ಳುತ್ತ ಐಸ್‌ಕ್ರೀಮಿನ ಅಂಗಡಿಯತ್ತ ನಡೆದಿದ್ದರು. ಪರಿಚಯವಿಲ್ಲದವರಿಂದ ಇಷ್ಟು ಪಡೆದದ್ದನ್ನು ಯಾರಿಗೆ ಹೇಗೆ ತೀರಿಸುವುದು, ನೀವೇ ಹೇಳಿ.

ಕರೆಂಟು ಬಂತು. ತಪ್ಪಾಯಿತೆಂದು ಈರಣ್ಣ ಕೈಮುಗಿದ. ಶಾಂತಾ ಇಳಿಯಲಿಲ್ಲ.

"ಇನ್ನರ್ಧ ಸುತ್ತು ಉಳದೈತಲ್ಲಪಾ, ಬಿಡು ಗಾಡಿ."

ಆಗಲೇ ಕೆಳಗಿಳಿದಿದ್ದ ಹಾಜರಾಬಿ, "ತಡೀರಿ, ನಾನೂ ಬರ್ತೇನಿ!" ಎಂದು ಸೆರಗು ಸಿಕ್ಕಿಸಿ ಹತ್ತಿದರು. ಅವರಿಬ್ಬರೂ ಕಿಟಕಿಯ ಪಕ್ಕ ನೀವೇ ಕೂಡ್ರಿ ಎಂದು ಪರಸ್ಪರ ಒತ್ತಾಯಿಸುತ್ತಿರುವಾಗಲೇ ಗಾಡಿ ಹೊರಟಿತು. ನಾನೂ ಒಳಗೇ ಇದ್ದೆ.